ಸೀಬಿಯ ಗುಣ ಯಾವುದು?

ನಿರ್ವಾಣಯ್ಯನವರ ಆಶ್ರಮದಲ್ಲಿ ಹೊಸದಾಗಿ ಓದಲು ಕಲಿತ ಮಕ್ಕಳನ್ನು ನೋಡಿಕೊಳ್ಳುವವನು ಶಿಷ್ಯ ಶಿವಮಲ್ಲ. ದಪ್ಪಕ್ಷರದ, ಪುಟ್ಟ ಪುಟ್ಟ ಅಧ್ಯಾಯಗಳ ಕಥೆಪುಸ್ತಕ ಓದಿಸಿ, ಕಥೆಯಲ್ಲಿ ಬರುವವರ ಗುಣ ಗುರುತಿಸುವುದನ್ನು ಅವನು ಕಲಿಸಬೇಕಿತ್ತು.

ಒಂದು ಬೆಳಿಗ್ಗೆ ಅವನು ಧುಮುಗುಡುತ್ತ ಹೊಳೆದಂಡೆಗೆ ಬಂದ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ತಿಮ್ಮಿ ಎಂಬ ಹುಡುಗಿಯ ರಟ್ಟೆ.

"ಬುದ್ಧೀ, ಇವಳಿಗೆ ಕಲಿಸೋದು ನನ್ನ ಕೈಲಾಗೋದಿಲ್ಲ. ಮತ್ತೆ ಅಕ್ಷರ ತಿದ್ದುವವರ ಜೊತೆ ಕೂರಿಸಿಬಿಡಿ."

ಗುರುಗಳು ಪಂಚೆ ಹಿಂಡುತ್ತಿದ್ದರು. "ಏನು ಮಾಡಿದಳು?"

"ಕಥೆಯಲ್ಲಿ ಸೀಬಿ ಅಂತ ಒಬ್ಬಳು. ಅವಳ ಮೇಕೆಮರಿ ಆಚೆ ದಡದಲ್ಲಿ ಸಿಕ್ಕಿಕೊಂಡಿದೆ. ಓಲಾಡುವ ತೂಗುಸೇತುವೆ ದಾಟಿ ಹೋಗಿ ತರುತ್ತಾಳೆ. ಸೀಬಿಯ ಗುಣ ಯಾವುದು ಅಂದರೆ ಎಲ್ಲರೂ ‘ಧೈರ್ಯ’ ಅಂದರು. ಇವಳೊಬ್ಬಳು ‘ಅಳುಬುರುಕಿ’ ಅಂತಾಳೆ! ಎಷ್ಟು ಹೇಳಿಕೊಟ್ಟರೂ ಅದೇ!"

"ಸೀಬಿ ಅತ್ತಳೋ ಇಲ್ಲವೋ?"

"ಅಳ್ತಾಳೆ. ಆದರೆ ಅದಲ್ಲ ಮುಖ್ಯ, ಬುದ್ಧೀ."

"ಧೈರ್ಯ ಅನ್ನೋ ಪದ ಯಾವ ಪುಟದಲ್ಲಿದೆ?"

ಶಿವಮಲ್ಲ ಹಾಳೆ ಮಗುಚಿದ. ಮತ್ತೆ ಹಿಂದಕ್ಕೆ ಮಗುಚಿದ. ಎಲ್ಲೂ ಇರಲಿಲ್ಲ.

"ಅದು... ನಾನು ಹೇಳಿಕೊಟ್ಟಿದ್ದು."

"ಹಾಗಾದರೆ ಇವಳು ಪುಸ್ತಕ ಓದಿದ್ದಾಳೆ. ಉಳಿದವರು ನಿನ್ನ ಮುಖ ಓದಿದ್ದಾರೆ."

ಶಿವಮಲ್ಲ ಪುಸ್ತಕ ಮುಚ್ಚಿದ. "ಹೀಗಂದರೆ ನಾನು ಏನು ತಾನೇ ಕಲಿಸಲಿ? ಬೇರೆ ಯಾರಿಗಾದರೂ ಒಪ್ಪಿಸಿ. ನಾನು ಕೊಟ್ಟಿಗೆ ಗುಡಿಸಿಕೊಂಡು ಇರ್ತೀನಿ."

ಗುರುಗಳು ಪಂಚೆಯನ್ನು ಬಂಡೆಯ ಮೇಲೆ ಎಸೆದರು. "ಗುಡಿಸುವೆಯಂತೆ. ಈಗ ಬಾಯಿ ಮುಚ್ಚಿಕೊಂಡು ಕೂತ್ಕೋ."

ಅವನು ಕೂತ. ಗುರುಗಳು ತಿಮ್ಮಿಯ ಕಡೆ ತಿರುಗಿದರು.

"ಸೀಬಿ ಎಲ್ಲಿ ಅತ್ತಳವ್ವಾ?"

"ಸೇತುವೆ ಮೇಲೆ. ಆ ತುದಿ ಮುಟ್ಟೋವರೆಗೂ."

"ಅಳ್ತಾ ಅಳ್ತಾ ಏನು ಮಾಡಿದಳು?"

ತಿಮ್ಮಿ ಪುಸ್ತಕ ತೆಗೆದುಕೊಂಡು ಸಾಲಿನ ಕೆಳಗೆ ಬೆರಳಿಟ್ಟಳು. ಒಂದೊಂದೇ ಅಕ್ಷರ ಕೂಡಿಸಿದಳು. ಹೇಳಿಕೊಡಲು ಶಿವಮಲ್ಲನ ತುಟಿ ಅಲುಗಿತು. ಗುರುಗಳು ಅವನತ್ತ ಕಣ್ಣು ಬಿಟ್ಟರು.

"ನಡೀತಾನೇ ಇದ್ಲು," ಎಂದಳು ತಿಮ್ಮಿ. "ವಾಪಸ್ ಬರಬಹುದಿತ್ತು. ಬರಲಿಲ್ಲ."

ಆ ಸಾಲನ್ನು ಇನ್ನೊಮ್ಮೆ ಓದಿದಳು. ಆಮೇಲೆ ಶಿವಮಲ್ಲನ ಹತ್ತಿರ ಬಂದಳು.

"ಅಣ್ಣಾ, ಹೆದರಿಕೊಂಡೇ ಹೋಗೋದಕ್ಕೆ ಏನಂತಾರೆ?"

ಬಾಯಿ ತೆರೆದ ಶಿವಮಲ್ಲ, ಗುರುಗಳನ್ನು ನೋಡಿ ಮುಚ್ಚಿದ.

"ಈಗ ಹೇಳಿಕೊಡೋ ಮಾರಾಯ," ಎಂದರು ಗುರುಗಳು. "ಆ ಪದ ಇಟ್ಟುಕೊಳ್ಳೋಕೆ ಈಗ ಅವಳ ಹತ್ತಿರ ಜಾಗ ಇದೆ."