ತುಂಬೆ ಹೂವು ಮೊದಲ ಸಲ ಬಾಡಿದ್ದು

ಭೂಮಿಯ ಮಣ್ಣು ಇನ್ನೂ ಹಸಿ ಹಸಿಯಾಗಿದ್ದ ಕಾಲ ಅದು, ಮಗೂ. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ಆಗ ಹೂವುಗಳು ಬಾಡುತ್ತಿರಲಿಲ್ಲ. ಒಮ್ಮೆ ಅರಳಿದರೆ ಅರಳಿಯೇ ಇರುತ್ತಿದ್ದವು.

ಹೊಳೆಯ ದಂಡೆಯಲ್ಲಿ ಮಾಳಿ ಎಂಬ ತಾಯಿ, ಚಿಗುರಿ ಎಂಬ ಅವಳ ಮಗಳು ಇದ್ದರು. ಚಿಗುರಿ ದಿನವೂ ಒಂದು ತುಂಬೆ ಗಿಡದ ಪಕ್ಕ ಕೂತು ಅದರ ಜೊತೆ ಮಾತಾಡುತ್ತಿದ್ದಳು.

ಒಂದು ಮಳೆಗಾಲ ಅವಳಿಗೆ ಜ್ವರ ಬಂತು. ಮೈ ಕೆಂಡವಾಯಿತು. ಆಮೇಲೆ ತಣ್ಣಗಾಯಿತು. ಎಷ್ಟು ಕರೆದರೂ ಚಿಗುರಿ ಏಳಲಿಲ್ಲ.

ಅಲ್ಲಿಯವರೆಗೆ ಲೋಕದಲ್ಲಿ ಯಾರೂ ಸತ್ತಿರಲಿಲ್ಲ. ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಾಳಿ ಗುಳಿ ತೋಡಿ, ಮಗಳನ್ನು ತುಂಬೆ ಗಿಡದ ಬುಡದಲ್ಲೇ ಮಲಗಿಸಿದಳು. ಸುತ್ತಲೂ ಹೂವುಗಳು ನಗುತ್ತಲೇ ಇದ್ದವು.

"ನನ್ನ ಮಗಳು ಹೋದಳು. ನಿಮಗೆ ಏನೂ ಆಗಿಲ್ಲವಲ್ಲ!" ಎಂದು ಮಾಳಿ ಗೋಳಾಡಿದಳು.

ತುಂಬೆ ಹೂವಿಗೆ ನಾಚಿಕೆಯಾಯಿತು. "ಅವಳು ಯಾವತ್ತೂ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ನಾನೂ ಜೊತೆಗೆ ಹೋಗ್ತೀನಿ," ಎಂದಿತು.

"ಬಿದ್ದರೆ ಮತ್ತೆ ಗಿಡ ಹತ್ತಲು ಆಗದು," ಎಂದಿತು ಗಾಳಿ. "ನಾನೂ ನಿನ್ನನ್ನು ಎತ್ತಿ ಕೂರಿಸಲಾರೆ."

"ಗೊತ್ತು," ಎಂದ ತುಂಬೆ, ತೊಟ್ಟು ಕಳಚಿಕೊಂಡು ಚಿಗುರಿಯ ಎದೆಯ ಮೇಲೆ ಬಿತ್ತು.

ಅದನ್ನು ಕಂಡು ಸಂಪಿಗೆ ಬಿತ್ತು. ಕಣಗಿಲೆ ಬಿತ್ತು. ತಾವರೆ ಒಂದೊಂದೇ ಎಸಳು ಉದುರಿಸಿತು. ಬಿಸಿಲು ಇಳಿಯುವ ಹೊತ್ತಿಗೆ ಎಲ್ಲವೂ ಕಂದಿದ್ದವು. ಮಣ್ಣು ಮಗಳನ್ನೂ ಹೂಗಳನ್ನೂ ಒಟ್ಟಿಗೇ ತೆಗೆದುಕೊಂಡಿತು.

ದಿನಗಳು ಕಳೆದವು. ಮಾಳಿಗೆ ಹೊಸ ಭಯ ಹುಟ್ಟಿತು. ಮಗಳ ಮುಖ ನೆನಪಿನಲ್ಲಿ ಮಸುಕಾಗುತ್ತಿತ್ತು. ಅವಳು ಹೊಳೆಗೆ ಓಡಿದಳು.

"ದಿನಾ ನಿನ್ನಲ್ಲಿ ಮುಖ ನೋಡಿಕೊಳ್ಳುತ್ತಿದ್ದಳಲ್ಲ! ಒಂದೇ ಒಂದು ಸಲ ತೋರಿಸೇ, ತಾಯಿ."

"ಅವಳನ್ನು ಕಂಡ ನೀರು ಆಗಲೇ ಕಡಲು ಸೇರಿತಮ್ಮ," ಎಂದಿತು ಹೊಳೆ. "ನನ್ನಲ್ಲಿ ಏನೂ ನಿಲ್ಲುವುದಿಲ್ಲ."

ಮಾಳಿ ಒಂದು ಕಲ್ಲನ್ನು ಉರುಳಿಸಿ ತಂದು ಮಗಳ ತಲೆಯ ಕಡೆ ನೆಟ್ಟಳು. ಚೂಪುಗಲ್ಲು ಹಿಡಿದು ಮುಖ ಕೊರೆಯಲು ಕೂತಳು. ಕಣ್ಣು ಬರಲಿಲ್ಲ. ತುಟಿ ಬರಲಿಲ್ಲ. ಕೊನೆಗೆ, ಮಗಳ ಜೊತೆ ಹೋದ ಆ ಪುಟ್ಟ ಹೂವನ್ನು ಕೊರೆದಳು. ಅದು ಬಂತು.

ಮುಖ ಮಾತ್ರ ಮರಳಲಿಲ್ಲ. ಆದರೆ ದಾರಿಹೋಕರು ಕಲ್ಲಿನ ಮುಂದೆ ನಿಂತು, "ಇದು ಯಾರದು?" ಎಂದು ಕೇಳುತ್ತಿದ್ದರು.

"ನನ್ನ ಚಿಗುರಿಯದು," ಎನ್ನುತ್ತಿದ್ದಳು ಮಾಳಿ.

ಅದಕ್ಕೇ ಮಗೂ, ಬೆಳಿಗ್ಗೆ ಅರಳಿದ ಹೂವು ಇಂದಿಗೂ ಸಂಜೆಗೆ ಬಾಡುತ್ತದೆ. ಊರಾಚೆಯ ಹಳೇ ಗೋರಿಗಲ್ಲುಗಳ ಮೇಲೆ, ಹೆಸರು ಸವೆದುಹೋದ ಕಡೆಯಲ್ಲೂ, ನಿನಗೆ ಕೊರೆದ ಒಂದು ಹೂವು ಕಾಣುತ್ತದೆ.