ಒಂಟಿ ಸಾಹುಕಾರನ ಬಟ್ಟೆಗಂಟು

ಕೆರೆ ಹೂಳೆತ್ತೋಕೆ ಪ್ರತಿ ಮನೆಯೋರೂ ತಲೆಗೊಂದು ಬುಟ್ಟಿ ಹೊರಬೇಕು, ಒಂಟಿಯಾಗಿರೋರಿಗೆ ಮಾತ್ರ ಮಾಫಿ ಅಂತ ರಾಜ ಡಂಗೂರ ಹೊಡೆಸಿದ. ಅಷ್ಟೇ ನೋಡಿ! ವರ್ಷಪೂರ್ತಿ ಮದುವೆ ಓಲಗದೋರಿಗೆ ಪುರುಸೊತ್ತಿಲ್ಲದ ಊರಲ್ಲಿ ಬೆಳಗಾಗೋದ್ರೊಳಗೆ ಮುಕ್ಕಾಲು ಪಾಲು ಜನ ಒಂಟಿಯಾಗಿಬಿಟ್ರು.

ಒಂಟಿಗಳ ಪಟ್ಟೀಲಿ ಮೊದಲ ಹೆಸರು ಸಾಹುಕಾರ ಗುಂಡಮಲ್ಲಪ್ಪಂದು. "ಒಂದು ಲೋಟ ನೀರು ಕೊಡೋಕೂ ದಿಕ್ಕಿಲ್ಲ ಪ್ರಭು," ಅಂತ ಹೊಟ್ಟೆ ಸವರ್ಕೊಂಡ. ಆ ಹೊಟ್ಟೆಗೆ ತುಪ್ಪ ಬಡಿಸಿದ ಕೈ ಯಾರದೋ, ದೇವರೇ ಬಲ್ಲ.

ಕೊನೇ ಹೆಸರು ನಿಂಗಜ್ಜೀದು. ಅವಳು ನಿಜವಾದ ಒಂಟಿ. ಖಾಲಿ ಬುಟ್ಟಿ ಎತ್ತಿದ್ರೂ ಮುಗ್ಗರಿಸೋಳು.

ರಾಜನಿಗೆ ಪಿತ್ತ ನೆತ್ತಿಗೇರ್ತು. "ನಾಳೆ ಬೆಳಗ್ಗೆ ಸುಳ್ಳರು ಯಾರು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಮಾಫಿನೇ ರದ್ದು, ಅಜ್ಜಿನೂ ಹೊರಲಿ!"

"ನಮ್ಮನೆಗೆ ಮಾತ್ರ ಯಾರೂ ಕಾಲಿಡಕೂಡದು," ಅಂದ ಸಾಹುಕಾರ. "ಮರ್ಯಾದೆ ಪ್ರಶ್ನೆ."

ಪಟ್ಟಿ ಬರೆಯೋ ಬೊಮ್ಮಣ್ಣ ಕಿವಿ ಕೆರಕೊಂಡ. "ಕಾಲಿಡಲ್ಲ ಬಿಡಿ. ಪಟ್ಟೀಲಿರೋ ಯಾರನ್ನೂ ಒಂದು ಮಾತೂ ಕೇಳಲ್ಲ."

ಅವನು ನೇರ ಹೋಗಿದ್ದು ಅಗಸರ ಕಟ್ಟೆಗೆ. ಊರ ಬಟ್ಟೆಯೆಲ್ಲ ಒಗೆಯೋದು ಅಲ್ಲೇ, ಮನೆಗೊಂದು ಮಸಿ ಗುರುತು. ಅಗಸರ ಸಣ್ಣೀರನ ಜೊತೆ ಕೂತು ಪಟ್ಟಿಯ ಹೆಸರಿಗೂ ಗಂಟಿನ ಗುರುತಿಗೂ ತಾಳೆ ನೋಡಿದ. ನಿಂಗಜ್ಜಿ ಗಂಟಲ್ಲಿ ಒಂದೇ ಹರಕು ಸೀರೆ. ಮೂರು ಚುಕ್ಕಿ ಗುರುತಿನ ಗಂಟು ಹೊರೋಕೆ ಮಾತ್ರ ಕತ್ತೆನೇ ಬೇಕಾಯ್ತು.

ಮಾರನೇ ಬೆಳಗ್ಗೆ ಊರೆಲ್ಲ ಕೆರೆ ಏರಿ ಮೇಲೆ. ಬೊಮ್ಮಣ್ಣ ಕತ್ತೆಗಳ ಮೇಲೆ ಹೇರಿಸಿ ತಂದ ಗಂಟುಗಳಲ್ಲಿ ಮೂರು ಚುಕ್ಕೀದನ್ನ ಮೊದಲು ಬಿಚ್ಚಿದ. "ಏಳು ಸೀರೆ, ನಾಲ್ಕು ಪಂಚೆ, ಮೂರು ಲಂಗ. ಮೂರು ಚುಕ್ಕಿ ಅಂದ್ರೆ ಸಾಹುಕಾರ್ರ ಮನೇದು ಪ್ರಭು. ಒಂಟಿ ಜೀವ, ಪಾಪ, ಬೇಜಾರು ಕಳೆಯೋಕೆ ದಿನಕ್ಕೊಂದು ಸೀರೆ ಉಡ್ತಾರೆ ಅಂತ ಕಾಣುತ್ತೆ."

ಜನ ಗೊಳ್ಳಂತ ನಕ್ರು.

"ಗುರುತು ತಪ್ಪಿದೆ!" ಅಂತ ಕಿರುಚಿದ ಸಾಹುಕಾರ. "ಅದರಲ್ಲಿ ಒಂದೂ ನಮ್ಮನೇದಲ್ಲ!"

"ಹಂಗಾದ್ರೆ ವಾರಸುದಾರರಿಲ್ಲದ ಮಾಲು. ನಿಂಗಜ್ಜೀ, ಸೆರಗೊಡ್ಡು," ಅಂತ ಬೊಮ್ಮಣ್ಣ ರೇಷ್ಮೆ ಸೀರೆ ಎತ್ತಿದ.

"ಏಯ್! ಅದು ನನ್ನ ಧಾರೆ ಸೀರೆ ಕಣೋ!" ಅಂತ ಸಾಹುಕಾರನ ಹೆಂಡತಿ ಗುಂಪಿಂದ ನುಗ್ಗಿ ಬಂದ್ಲು.

"ಆ ಹಸಿರುದು ನಂದು, ಮುಟ್ಟಬೇಡ!" ಅಂತ ಸೊಸೆ.

"ನನ್ನ ಜರಿ ಪಂಚೆ!" ಅಂತ ಮನೆ ಅಳಿಯ.

ನೋಡ್ತಾ ನೋಡ್ತಾ ಸಾಹುಕಾರನೂ ಸೇರಿ ಹದಿನಾಲ್ಕು ಜನ ಸಾಲಾಗಿ ನಿಂತ್ರು. ಮಿಕ್ಕ ಒಂಟಿಗಳು ಕತ್ತೆಗಳ ಮೇಲಿನ್ನೂ ಇದ್ದ ಗಂಟುಗಳ ಕಡೆ ನೋಡಿ, ತಾವೇ ಹೋಗಿ ಬುಟ್ಟಿ ಎತ್ತಿಕೊಂಡ್ರು.

ರಾಜ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಅಜ್ಜಿಗೆ ಮಾಫಿ ಕಾಯಂ, ಮೇಲೊಂದು ಹೊಸ ಸೀರೆ. ಬೊಮ್ಮಣ್ಣ, ನಿಂಗೇನು ಬೇಕು?"

"ನಂಗೇನೂ ಬೇಡ ಪ್ರಭು. ನೀರು ಕೊಡೋಕೂ ದಿಕ್ಕಿಲ್ಲ ಅಂತಿದ್ರು ಸಾಹುಕಾರ್ರು, ಇವತ್ತು ಎಷ್ಟು ಜನ ಸಿಕ್ರು ನೋಡಿ! ಹದಿನಾಲ್ಕು ಬುಟ್ಟಿ ಕೊಡಿಸಿ. ಪಾಪ, ಅವರನ್ನ ಮತ್ತೆ ಒಂಟಿ ಮಾಡ್ಬೇಡಿ."