ಬಾಳವ್ವನ ಬಿಳಿ ಉಗುರು

ಬಾಳವ್ವನಿಗೆ ಇದ್ದವನು ಒಬ್ಬನೇ ಮಗ, ಅಡಿವೆಪ್ಪ. ಮೂವತ್ತು ದಾಟಿದ ಆಳು. ಮೈಯಲ್ಲಿ ಕೋಣನ ಬಲ, ತಲೆಯಲ್ಲಿ ಬರೀ ಗಾಳಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಬಾಳವ್ವನ ಗೋಳೇ ಅದು.

ಒಂದು ವರ್ಷ ಬಾಳವ್ವನಿಗೆ ಸುಸ್ತು ಹತ್ತಿತು. ನಾಲ್ಕು ರೊಟ್ಟಿ ಬಡಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಪಕ್ಕದೂರಿನ ರಾಚಯ್ಯ ಪಂಡಿತರು ಉಗುರು ನೋಡಿಯೇ ರೋಗ ಹೇಳುತ್ತಾರೆಂದು ಕೇಳಿದ್ದಳು. ಅಷ್ಟು ದೂರ ನಡೆಯಲಾರದೆ ಮಗನನ್ನು ಕರೆದು, ಪಂಡಿತರಿಗೆ ಉಗುರು ತೋರಿಸಬೇಕು, ಹೋಗಿ ಬಾ ಎಂದಳು.

ಅಡಿವೆಪ್ಪ ಹೋದ. ತನ್ನ ಹತ್ತೂ ಬೆರಳು ಚಾಚಿದ. ಪಂಡಿತರು ಆ ಕೆಂಪು ಉಗುರು ನೋಡಿ, ಕಲ್ಲು ತಿಂದು ಕರಗಿಸೋ ಮೈ ನಿನ್ನದು, ಏನೂ ರೋಗವಿಲ್ಲ ಎಂದು ಕಳಿಸಿದರು. ಅಡಿವೆಪ್ಪ ಖುಷಿಯಿಂದ ಬಂದು ಅವ್ವನಿಗೂ ಅದನ್ನೇ ಹೇಳಿದ.

ಬಾಳವ್ವ ಹಣೆ ಹಣೆ ಬಡಿದುಕೊಂಡಳು. "ರೋಗ ನಿನಗೋ ನನಗೋ? ನನ್ನ ಉಗುರು ತೋರಿಸಬೇಕಿತ್ತಲ್ಲೋ ಹುಚ್ಚಪ್ಪ."

ಅಷ್ಟೇ ತಾನೆ ಎಂದುಕೊಂಡ ಅಡಿವೆಪ್ಪ. ಅವ್ವ ಮಲಗಿದ್ದಾಗ ಅವಳ ಉಗುರು ಕತ್ತರಿಸಿ, ಚೂರುಗಳನ್ನು ಅರಿವೆಯಲ್ಲಿ ಗಂಟು ಕಟ್ಟಿಕೊಂಡು ಹೊರಟ. ಪಂಡಿತರು ಗಂಟು ಬಿಚ್ಚಿ ನೋಡಿದರು. ಆಮೇಲೆ ಇವನ ಮುಖ ನೋಡಿದರು. ಕತ್ತರಿಸಿದ ಉಗುರು ಏನೂ ಹೇಳುವುದಿಲ್ಲ, ಬೆರಳಿನ ಮೇಲೆ ಇರಬೇಕು ಎಂದು ಬೈದು ಕಳಿಸಿದರು.

ಅಷ್ಟೇ ತಾನೆ ಎಂದುಕೊಂಡ ಅಡಿವೆಪ್ಪ. ಮರುದಿನ ಅವ್ವನ ಉಗುರಿನ ಚೂರುಗಳನ್ನು ಗಂಜಿ ಹಚ್ಚಿ ತನ್ನ ಬೆರಳುಗಳಿಗೆ ಅಂಟಿಸಿಕೊಂಡು ಬಂದ. ಈ ಸಲ ಪಂಡಿತರು ಬೈಯಲಿಲ್ಲ. ಇವನ ಕೈಯಲ್ಲಿ ಸಿಕ್ಕಿದ ರೋಗಿ ಬದುಕುವುದು ಕಷ್ಟ ಎಂದು ಹೆದರಿ, ಚೀಲ ಹೆಗಲಿಗೇರಿಸಿ ತಾವೇ ಹೊರಟರು.

ಬಾಳವ್ವನ ಕೈ ಹಿಡಿದು ನೋಡಿದರೆ ಉಗುರು ಜೋಳದ ಹಿಟ್ಟಿನಷ್ಟು ಬಿಳಿ, ನಡುವೆ ಚಮಚದ ಹಾಗೆ ಗುಳಿ. ಮೈಯಲ್ಲಿ ರಕ್ತ ಬತ್ತಿದೆ, ಹೀಗೇ ಬಿಟ್ಟರೆ ಜೀವಕ್ಕೇ ಸಂಚಕಾರ ಎಂದರು. ಆ ಮಾತು ಕೇಳಿ ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. ಏನು ಬೇಕಾದರೂ ಮಾಡುತ್ತೇನೆ, ಹೇಳಿರಿ ಎಂದು ಕಾಲು ಹಿಡಿದ.

"ಅವ್ವನ ಉಗುರು ಕೆಂಪಾಗೋ ತನಕ ದಿನಾ ನುಗ್ಗೆಸೊಪ್ಪು, ಬೆಲ್ಲ ಹಾಕು," ಎಂದರು ಪಂಡಿತರು.

ಅಡಿವೆಪ್ಪ ಅರ್ಧ ನುಗ್ಗೆಮರ ಬೋಳಿಸಿದ. ಮಧ್ಯಾಹ್ನ ಅವ್ವ ಮಲಗಿದಾಗ ಸೊಪ್ಪು, ಬೆಲ್ಲ ಕೂಡಿಸಿ ಅರೆದು, ಅವಳ ಹತ್ತೂ ಉಗುರಿಗೆ ಹಾಕಿ, ಬಟ್ಟೆ ಸುತ್ತಿ, ಕಾವಲು ಕೂತ. ಕೂತಲ್ಲೇ ತೂಕಡಿಸಿದ. ಬೆಲ್ಲದ ವಾಸನೆಗೆ ಕೆಂಪಿರುವೆ ಸಾಲುಗಟ್ಟಿ ಬಂದವು. ಬಾಳವ್ವ ಕಿರುಚಿಕೊಂಡು ಎದ್ದವಳು ಬಟ್ಟೆ ಕಿತ್ತೆಸೆದು, ಕಸಬರಿಗೆ ಹಿಡಿದು ಮಗನ ಬೆನ್ನು ಹತ್ತಿದಳು.

ಏಟು ತಪ್ಪಿಸಿಕೊಂಡು ಓಡಿದ ಅಡಿವೆಪ್ಪ ನಿಂತದ್ದು ಪಂಡಿತರ ಮನೆಯ ಕಟ್ಟೆಯ ಮುಂದೆ. ಅವ್ವ ಹೇಗಿದ್ದಾಳೆ ಎಂದು ಅವರು ಕೇಳಿದರು.

"ನಿಮ್ಮ ಔಷಧ ಭಾರೀ ನಾಟೇತ್ರಿ," ಎಂದ ಅಡಿವೆಪ್ಪ, ಕೈ ಮುಗಿದು. "ಉಗುರಿಗೆ ಹಾಕಿದೆ, ಬೆರಳೆಲ್ಲಾ ಕೆಂಪಾದವು. ಏಳಲಾರದಾಕಿ ಊರ ಅಗಸಿ ಬಾಗಿಲ ತನಕ ಓಡಿ ಬಂದಾಳ. ನಾಳೆ ಕಾಲಿನ ಉಗುರಿಗೂ ಹಾಕಲೇನ್ರಿ?"